ತಾತ್ಕಾಲಿಕ ಸ್ಕ್ರಿಪ್ಟ್ ಕಡತಕ್ಕೆ ನಾನು ಕೊಟ್ಟ ತಪ್ಪು ಅನುಮತಿ

ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್‌ಗಳ ನಿರ್ವಹಣೆ ನನ್ನ ಹೊಣೆ. ಪೆನ್‌ಡ್ರೈವ್‌ನಲ್ಲಿ ಬಂದ ಸ್ಕ್ರಿಪ್ಟ್‌ಗಳು (ಕಂಪ್ಯೂಟರ್‌ಗೆ ಕೊಡುವ ಆದೇಶಗಳನ್ನು ಬರೆದಿಟ್ಟ ಕಡತಗಳು) ಸ್ಟೋರ್ಸ್ ಮತ್ತು ಲೆಕ್ಕಪತ್ರ ವಿಭಾಗಗಳಲ್ಲಿ ಓಡಬಾರದೆಂದು ಅಲ್ಲಿ ವಿಂಡೋಸ್‌ನ ಆಪ್‌ಲಾಕರ್, ಅಂದರೆ ಯಾವುದು ಓಡಬಹುದು, ಯಾವುದು ಓಡಬಾರದು ಎಂದು ನಿಯಂತ್ರಿಸುವ ಸೌಲಭ್ಯವನ್ನು ಜಾರಿಗೊಳಿಸಿದೆ. ಅದರ ಪೂರ್ವನಿಯೋಜಿತ ನಿಯಮಗಳ ಪ್ರಕಾರ ಸಾಮಾನ್ಯ ಬಳಕೆದಾರರಿಗೆ ವಿಂಡೋಸ್ ಮತ್ತು ಪ್ರೋಗ್ರಾಂ ಫೈಲ್ಸ್ ಫೋಲ್ಡರ್‌ಗಳಲ್ಲಿರುವ ಸ್ಕ್ರಿಪ್ಟ್‌ಗಳಷ್ಟೇ ಓಡುತ್ತವೆ. ಅಡ್ಮಿನಿಸ್ಟ್ರೇಟರ್‌ಗೆ ಎಲ್ಲವೂ ಓಡುತ್ತವೆ.

ಮೊದಲ ವಾರದಲ್ಲೇ ವಿಂಡೋಸ್ ಘಟನೆಗಳನ್ನು ದಾಖಲಿಸುವ ಈವೆಂಟ್ ಲಾಗ್‌ನಲ್ಲಿ 8007 ಸಂಖ್ಯೆಯ ನಮೂದುಗಳು, ಅಂದರೆ ಸ್ಕ್ರಿಪ್ಟ್ ತಡೆಯಲಾಗಿದೆ ಎಂಬ ವರದಿಗಳು, ರಾಶಿ ಬಿದ್ದವು. ಬಹುತೇಕ ಎಲ್ಲವೂ ತಾತ್ಕಾಲಿಕ ಕಡತಗಳಿರುವ ಬಳಕೆದಾರರ ಟೆಂಪ್ ಫೋಲ್ಡರ್‌ನಲ್ಲಿ, 'ಪಿಎಸ್‌ಸ್ಕ್ರಿಪ್ಟ್‌ಪಾಲಿಸಿಟೆಸ್ಟ್' ಎಂದು ಆರಂಭವಾಗಿ ಅರ್ಥವಿಲ್ಲದ ಅಕ್ಷರಗಳಲ್ಲಿ ಮುಗಿಯುವ ಕಡತಗಳ ಬಗ್ಗೆ ಇದ್ದವು. ಫೋಲ್ಡರ್ ತೆರೆದು ನೋಡಿದರೆ ಅಲ್ಲಿ ಏನೂ ಇರುತ್ತಿರಲಿಲ್ಲ. ನನ್ನ ಅಡ್ಮಿನ್ ಖಾತೆಯಲ್ಲಿ ಪರೀಕ್ಷಿಸಿದಾಗ ಆ ನಮೂದೇ ಬರುತ್ತಿರಲಿಲ್ಲ. ಇದು ವೈರಸ್ ಕೆಲಸವೆಂದೇ ನಂಬಿ ಎರಡು ದಿನ ಸ್ಕ್ಯಾನ್ ಮಾಡಿಸಿದೆ.

ವೈರಸ್ ಸಿಗದಿದ್ದಾಗ, ಲಾಗ್ ತುಂಬುವುದು ನಿಂತರೆ ಸಾಕೆಂದು ಆ ಹೆಸರಿನಿಂದ ಆರಂಭವಾಗುವ ಕಡತಗಳಿಗೆಲ್ಲ ಟೆಂಪ್ ಫೋಲ್ಡರ್‌ನಲ್ಲಿ ಅನುಮತಿ ನೀಡುವ ಒಂದು ಪಾತ್ ನಿಯಮ ಸೇರಿಸಿದೆ. ಲಾಗ್ ಶಾಂತವಾಯಿತು. ಕೆಲವು ದಿನಗಳ ನಂತರ, ಬೇರೆ ಕಾರಣಕ್ಕೆ ಸ್ಟೋರ್ಸ್‌ನ ಒಂದು ಯಂತ್ರದಲ್ಲಿ ಪವರ್‌ಶೆಲ್‌ನ (ಆದೇಶ ಮತ್ತು ಸ್ಕ್ರಿಪ್ಟ್‌ಗಳನ್ನು ಓಡಿಸುವ ವಿಂಡೋಸ್ ಸಾಧನದ) ಲ್ಯಾಂಗ್ವೇಜ್ ಮೋಡ್, ಅಂದರೆ ಅದರಲ್ಲಿ ಎಷ್ಟು ಸೌಲಭ್ಯ ತೆರೆದಿದೆ ಎಂಬುದನ್ನು ನೋಡಿದಾಗ, 'ಕನ್‌ಸ್ಟ್ರೈನ್ಡ್' (ನಿರ್ಬಂಧಿತ) ಇರಬೇಕಾದಲ್ಲಿ 'ಫುಲ್' (ಪೂರ್ಣ) ಎಂದಿತ್ತು.

ಆಗ ವಿಷಯ ತಿಳಿಯಿತು. ಪವರ್‌ಶೆಲ್ 5.0ರಿಂದ ಈಚೆಗೆ, ಪವರ್‌ಶೆಲ್ ಆರಂಭವಾದಾಗ ತಾನೇ ಒಂದು ಪುಟ್ಟ ಪರೀಕ್ಷಾ ಕಡತವನ್ನು ಟೆಂಪ್‌ನಲ್ಲಿ ಬರೆದು, ಅದನ್ನು ಓಡಿಸಲು ಆಪ್‌ಲಾಕರ್ ಬಿಡುತ್ತದೆಯೇ ಎಂದು ಕೇಳಿ, ಕೂಡಲೇ ಅಳಿಸುತ್ತದೆ. ಬಿಡದಿದ್ದರೆ ಇಲ್ಲಿ ನಿರ್ಬಂಧವಿದೆ ಎಂದು ಅರಿತು ವಿಂಡೋಸ್ ಎಪಿಐಗಳನ್ನು (ವಿಂಡೋಸ್‌ನ ಒಳಗಿನ ಕಾರ್ಯಗಳನ್ನು) ನೇರವಾಗಿ ಕರೆಯುವಂಥ ಅಪಾಯದ ಸೌಲಭ್ಯಗಳನ್ನು ಮುಚ್ಚಿಕೊಳ್ಳುತ್ತದೆ. ಬಿಟ್ಟರೆ ನಿರ್ಬಂಧವೇ ಇಲ್ಲವೆಂದು ಭಾವಿಸುತ್ತದೆ. ಎಂದರೆ ಆ 8007 ದೋಷವಾಗಿರಲಿಲ್ಲ, ಕಾವಲು ಕೆಲಸ ಮಾಡುತ್ತಿದೆ ಎಂಬುದರ ಗುರುತಾಗಿತ್ತು. ಅದನ್ನು ಅಳಿಸಲು ಹೋಗಿ ನಾನು ಕಾವಲನ್ನೇ ತೆಗೆದಿದ್ದೆ. ಅಷ್ಟೇ ಅಲ್ಲ, ಯಾರಾದರೂ ತಮ್ಮ ಸ್ಕ್ರಿಪ್ಟ್‌ಗೆ ಅದೇ ಹೆಸರಿಟ್ಟು ಟೆಂಪ್‌ನಲ್ಲಿ ಇಟ್ಟಿದ್ದರೆ ಅದೂ ಓಡುತ್ತಿತ್ತು.

ಅಂದೇ ನಿಯಮ ತೆಗೆದೆ. ಈಗ ಆ ನಮೂದುಗಳನ್ನು ಲಾಗ್‌ನಲ್ಲಿ ಹಾಗೆಯೇ ಬಿಟ್ಟು, ವಾರದ ವರದಿ ತೆಗೆಯುವ ಸ್ಕ್ರಿಪ್ಟ್‌ನಲ್ಲಿ ಮಾತ್ರ ಟೆಂಪ್ ಫೋಲ್ಡರಿನ ಆ ಹೆಸರಿನ ಸಾಲುಗಳನ್ನು ಜರಡಿ ಹಿಡಿದು ಹೊರಗಿಡುತ್ತೇನೆ.

ಜರಡಿಯಲ್ಲಿ ಉಳಿದದ್ದು ಒಂದೇ ನಿಜವಾದ ತೊಡಕು: ಬಿಲ್ಲಿಂಗ್ ತಂತ್ರಾಂಶದ ಅಪ್‌ಡೇಟ್ ಟೆಂಪ್‌ನಲ್ಲಿ ಬಿಚ್ಚಿಡುವ ಬ್ಯಾಚ್ ಕಡತ (ಒಂದು ಬಗೆಯ ಸರಳ ಸ್ಕ್ರಿಪ್ಟ್). ಬ್ಯಾಚ್ ಕಡತಕ್ಕೆ ಡಿಜಿಟಲ್ ಸಹಿ ಹಾಕಲು ಬರುವುದಿಲ್ಲವಾದ್ದರಿಂದ ಸಹಿ ನೋಡಿ ಅನುಮತಿಸುವ ಪಬ್ಲಿಷರ್ ನಿಯಮ ಸಾಧ್ಯವಿಲ್ಲ. ಕಡತದ ಒಳಗಿನದರಿಂದ ಲೆಕ್ಕ ಹಾಕಿದ ಗುರುತನ್ನು ನೋಡಿ ಅನುಮತಿಸುವ ಹ್ಯಾಷ್ ನಿಯಮ ಮಾಡಿದರೆ ಕಡತದಲ್ಲಿ ಒಂದಕ್ಷರ ಬದಲಾದರೂ ಮತ್ತೆ ಹೊಸದು ಬೇಕು. ಕಡತವನ್ನು ಪ್ರೋಗ್ರಾಂ ಫೈಲ್ಸ್‌ನಿಂದ ಓಡಿಸಿ ಎಂದು ತಂತ್ರಾಂಶದವರನ್ನು ಕೇಳಿದ್ದೇನೆ. ಅವರು ಒಪ್ಪುವವರೆಗೆ ಅಪ್‌ಡೇಟ್ ಬಂದಾಗಲೆಲ್ಲ, ಶಿಫ್ಟ್ ಮುಗಿದ ಮೇಲೆ, ನಾನೇ ಅಡ್ಮಿನ್ ಖಾತೆಯಲ್ಲಿ ಕೂತು ಹಾಕುತ್ತಿದ್ದೇನೆ.