ಹೊಸ ಮನಿ ವೈರಿಂಗ್: ಕೇಬಲ್ ಕಿಂತ ಖಾಲಿ ಪೈಪ್ ಮುಖ್ಯ (ನನ್ನ ಅನುಭವ)

ಒಂದು ಟೈಲ್ಸ್ ಎಬ್ಬಿಸದಂಗ, ಎಲ್ಲೂ ಗೋಡಿ ಕೊರೀದಂಗ ಪಾರ್ಕಿಂಗ್‌ಗೆ ಇವಿ (ಎಲೆಕ್ಟ್ರಿಕ್ ಗಾಡಿ) ಚಾರ್ಜರ್ ಲೈನ್ ಎಳದು ಮುಗಿಸೀನಿ. ಪುಣೆ ಹತ್ರ ತಳೇಗಾಂವ್ ದಾಭಾಡೆ ಕಡೆ ಮನಿ ಕಟ್ಸುವಾಗ "ಇಷ್ಟು ಖಾಲಿ ಪೈಪ್ ಯಾರ ಸಲುವಾಗಿ ಸಾಹೇಬ, ಈಗ ಎಲ್ಲಾ ವೈಫೈ ಮ್ಯಾಲ ನಡಿತೈತಿ" ಅಂತ ನಕ್ಕಿದ್ದ ವಾಯರಮನ್ ಮೊನ್ನೆ ಬೇರೆ ಸೈಟಿನವರನ್ನ ಕರ್ಕೊಂಡು ಬಂದು ನಮ್ಮನಿ ಡಕ್ಟ್ (ಪೈಪ್ ಎಲ್ಲಾ ಬಂದು ಕೂಡೂ ಉದ್ದನ ಗೂಡು) ತೋರಿಸಿ ಹೋದ. ಪುಣೆದಾಗ ನಮ್ಮ ಕಡೆ ಮಂದಿ ಭಾಳ ಜನ ಪ್ಲಾಟ್ ತಗೊಂಡು ಸ್ವಂತ ಕಟ್ಸಾಕತ್ತಾರ, ಫೋನ್ ಮಾಡಿ ಮಾಡಿ ಕೇಳ್ತಾರ, ಅದಕ್ಕ ಒಮ್ಮೆ ಬರದ ಬಿಡೋಣಂತ. ವೈರ್ ಸೈಜು, ಎಂಸಿಬಿ, ಅರ್ಥಿಂಗ್ ಇವೆಲ್ಲ ನಿಮಗ ಗೊತ್ತಿದ್ದದ್ದ, ಬಿಡ್ತೀನಿ.

ಮೊದಲು ನಾವಿದ್ದ ಬಾಡಿಗಿ ಫ್ಲ್ಯಾಟಿನಾಗ ಬಿಲ್ಡರ್ ಪ್ರತಿ ರೂಮಿಗೆ ಟೆಲಿಫೋನ್ ಪಾಯಿಂಟ್ ಕೊಟ್ಟಿದ್ದ. ಫೈಬರ್ ಇಂಟರ್ನೆಟ್ ಬಂದಾಗ ಆ ಸಣ್ಣ ಪೈಪಿನಾಗ ಏನೂ ಹೋಗಲಿಲ್ಲ, ಕಡೀಕ ಕಿಟಕಿ ಫ್ರೇಮಿಗೆ ತೂತ ಹೊಡದು ಒಳಗ ತಂದ್ರು, ಮಳೆಗಾಲದಾಗ ಆ ತೂತಿಂದ ನೀರು. ಅವಾಗ ತಲ್ಯಾಗ ಕುಂತಿದ್ದು ಏನಂದ್ರ, ಮುಂದ ಯಾವ ಟೆಕ್ನಾಲಜಿ ಬರ್ತೈತಿ ಅಂತ ನಾವ್ಯಾರೂ ಹೇಳಾಕ ಆಗಂಗಿಲ್ಲ, ದಾರಿ ಅಷ್ಟ ಇಡಬೇಕು. ನಮ್ಮ ಕಾಂಟ್ರಾಕ್ಟರ್ ಟಿವಿ ಗೋಡಿ ಒಳಗ ಎಚ್‌ಡಿಎಂಐ ಕೇಬಲ್ (ಟಿವಿಗೆ ಚಿತ್ರ, ಆವಾಜ ತರೂ ಕೇಬಲ್) ಹೂತು ಪ್ಲಾಸ್ಟರ್ ಮಾಡೋಣ ಅಂದ, ನಾ ಖಡಕ್ ಆಗಿ ಬ್ಯಾಡ ಅಂದೆ. ಹಳೇ 2.0 ಕೇಬಲ್ ಸೆಕೆಂಡಿಗೆ 18 ಗಿಗಾಬಿಟ್ ಡೇಟಾ ಒಯ್ತೈತಿ, 2017ರಾಗ ಬಂದ 2.1 ಅಂದ್ರ 48. ಹೂತಿದ್ರ ಹೂತ ಹಂಗ ಉಳಿತಿತ್ತು. ಅಲ್ಲಿ 40 ಎಂಎಂ ಪೈಪ್ ಹಾಕ್ಸೀನಿ, ಯಾಕಂದ್ರ ಎಚ್‌ಡಿಎಂಐ ತಲಿ ಸಣ್ಣ ಪೈಪಿನ ಬೆಂಡಿನಾಗ ಹೊಳ್ಳಂಗಿಲ್ಲ, ಪ್ಲಗ್ ಕತ್ತರಿಸಿ ಮತ್ತ ಜೋಡಸಾಕ ಅದು ಲೈಟಿನ ವೈರ್ ಅಲ್ಲ.

ಮೆಟ್ಟಿಲ ಪಕ್ಕ ಕೆಳಗಿಂದ ಟೆರೇಸ್ ತನಕ ಒಂದಡಿ ಅಗಲ ಡಕ್ಟ್, ಪ್ರತಿ ಮಾಳಿಗಿಗೆ ಪ್ಲೈವುಡ್ ಬಾಗಲಾ. ಎಲ್ಲಾ ರೂಮಿನ ಡೇಟಾ ಪೈಪ್ (ಇಂಟರ್ನೆಟ್, ಕ್ಯಾಮೆರಾ ಕೇಬಲಿಂದು) ನೆಟ್ಟಗ ಇಲ್ಲಿಗೇ ಬರ್ತಾವ, ಒಂದು ರೂಮಿಂದ ಇನ್ನೊಂದು ರೂಮಿಗೆ ಹಾದು ಹೋಗೂದಿಲ್ಲ. ಆ ಜಾಗ ಅವ್ವಗ ಡಬ್ಬಿ ಇಡಾಕ ಬೇಕಾಗಿತ್ತು, ಆರ್ಕಿಟೆಕ್ಟಿಗೆ ಶೂ ರ‍್ಯಾಕ್ ಬೇಕಾಗಿತ್ತು, ಇಬ್ಬರ ಜೋಡಿನೂ ಜಗಳಾಡಿ ಉಳಿಸ್ಕೊಂಡೆ. ಪವರ್ ಪೈಪಿಗೂ ಡೇಟಾ ಪೈಪಿಗೂ ಸುಮಾರು ಒಂದಡಿ ಅಂತರ, ದಾಟಬೇಕಾದಲ್ಲೆ ಪ್ಲಸ್ ಗುರುತಿನಂಗ ನೇರ ಅಡ್ಡ ದಾಟಸೀನಿ.

ತ್ರಾಸ ಆಗಿದ್ದು ಸ್ಲ್ಯಾಬಿನಾಗ. ಕಾಂಟ್ರಾಕ್ಟರ್ ಲೈಟ್ ಗ್ರೇಡ್ ಪೈಪ್ ತಂದಿದ್ದ, ವಾಪಸ್ ಕಳಿಸಿ ಹೆವಿ ತರಿಸಿದೆ, ಕೋಲಿಗೆ 30-40 ರೂಪಾಯಿ ಫರಕು ಬಿದ್ದಿರಬೇಕು. ಸ್ಲ್ಯಾಬ್ ಗ್ಯಾಂಗ್ ಯಾದಗಿರಿ ಕಡೆಯವರು, ಕನ್ನಡದಾಗ ಮಾತಾಡಾಕ ಚಲೋ ಆತು, ನಾ ಸರಳಿನ ಮ್ಯಾಲ ನಿಂತು ಪೈಪ್ ತುಳಿಬ್ಯಾಡ್ರಿ ತುಳಿಬ್ಯಾಡ್ರಿ ಅಂತ ಒದರೂದ ಕೇಳಿ ಕೇಳಿ ಬುಟ್ಟಿ ಹೊತ್ತಿದ್ದ ಒಬ್ಬಾಕಿ "ಯಪ್ಪಾ, ಎಲ್ಲಿ ಕಾಲಿಡಬೇಕು ಅದನ್ನಾರ ಹೇಳ್ರಿ, ಬರೇ ಪೈಪು ಪೈಪು ಅಂತ ಬಾಯಿ ಮಾಡಾಕತ್ತೀರಲ್ಲ" ಅಂದ್ಲು. ಖರೇನ ಹೇಳಿದ್ಲು. ಹಲಗಿ ಹಾಸಿ ದಾರಿ ಮಾಡಿ ಕೊಟ್ಟೆ. ಆದ್ರೂ ಕಾಂಕ್ರೀಟ್ ಕೂಡಿಸೂ ವೈಬ್ರೇಟರ್ ಒಂದು ಜಾಯಿಂಟಿಗೆ ಬಡದು ಆ ಪೈಪಿನಾಗ ಸಿಮೆಂಟ್ ಹಾಲು ಇಳದು ಗಟ್ಟಿ ಆಗಿ ಅದು ಸತ್ತ ಹೋತು. ಪಕ್ಕದಾಗ ಒಂದು ಜಾಸ್ತಿ ಪೈಪ್ ಇತ್ತಂತ ಪಾರಾದೆ. ಎರಡನೇ ಸ್ಲ್ಯಾಬಿಗೆ ಜಾಯಿಂಟಿಗೆಲ್ಲ ಸೊಲ್ಯೂಷನ್ (ಪೈಪಿನ ಅಂಟು) ಹಚ್ಚಿ ಮ್ಯಾಲ ಟೇಪ್ ಸುತ್ತಿಸಿ, ಕಾಂಕ್ರೀಟ್ ಹಸಿ ಇದ್ದಾಗನ ಪ್ರತಿ ಪೈಪಿನಾಗ ಹಗ್ಗ ಹಿಂದಕ್ಕ ಮುಂದಕ್ಕ ಎಳದು ನೋಡಿದೆ, ಒಂದೂ ಬ್ಲಾಕ್ ಆಗಲಿಲ್ಲ. ಮುಂದ ಕೇಬಲ್ ಎಳಿಯಾಕ ಒಳಗ ಬಿಡೂ ಹಗ್ಗ ನೈಲಾನ್ ಇರಲಿ, ಜಿಐ ತಂತಿ ಜಂಗು ಹಿಡದು ಬೇಕಾದಾಗನ ಕಡಿತೈತಿ. ಎಲ್ಬೋ (ಒಮ್ಮೆಲೆ ತಿರುಗೂ ಮೂಲಿ ಜಾಯಿಂಟ್) ಒಂದೂ ಹಾಕ್ಸಿಲ್ಲ, ಎಲ್ಲಾ ಲಾಂಗ್ ಬೆಂಡ್, ಎರಡು ಬೆಂಡ್ ಆದ ಮ್ಯಾಲ ಒಂದು ಜಂಕ್ಷನ್ ಬಾಕ್ಸ್.

ಖಾಲಿ ಪೈಪಿನ ಕಿಮ್ಮತ್ತು ಗೃಹಪ್ರವೇಶ ಆಗಿ ಸ್ವಲ್ಪ ದಿವಸಕ್ಕ ಗೊತ್ತಾತು. ಗೇಟ್ ಕ್ಯಾಮೆರಾ ಹಗಲೆಲ್ಲ ಚಲೋ ನಡೀತಿತ್ತು, ಕತ್ತಲಾದ ಕೂಡ್ಲೆ ಬಂದ್, ಮತ್ತ ಚಾಲು, ಮತ್ತ ಬಂದ್. ಕ್ಯಾಮೆರಾ ಬದ್ಲಿಸಿ ನೋಡಿದೆ, ನೆಟ್‌ವರ್ಕ್ ಸ್ವಿಚ್ (ಅದ ಕೇಬಲಿನಾಗ ಕ್ಯಾಮೆರಾಕ್ಕ ಕರೆಂಟ್‌ನೂ ಕಳಿಸೂ ಡಬ್ಬಿ) ಬದ್ಲಿಸಿ ನೋಡಿದೆ, ರೊಕ್ಕ ಹಾಳು. ಕಡೀಕ ಕೇಬಲ್ ತುದಿ ಬ್ಲೇಡಿನಿಂದ ಕೆರದ್ರ ಕೆಂಪು ಹೋಗಿ ಒಳಗ ಬೆಳ್ಳಗ, ಅಂದ್ರ ಅಲ್ಯೂಮಿನಿಯಂ ಮ್ಯಾಲ ತಾಮ್ರದ ಲೇಪ. ಕತ್ತಲಾದಾಗ ಕ್ಯಾಮೆರಾದ ಇನ್‌ಫ್ರಾರೆಡ್ ಲೈಟ್ ಹತ್ತಿ ಕರೆಂಟ್ ಜಾಸ್ತಿ ಎಳಿತೈತಿ, ಆ ಉದ್ದಕ್ಕ ಅಲ್ಯೂಮಿನಿಯಂದಾಗ ವೋಲ್ಟೇಜ್ ಬಿದ್ದು ಹೋಗ್ತಿತ್ತು. ಆನ್‌ಲೈನ್ ಮಾರಿದಾಂವ ಪ್ಯೂರ್ ಕಾಪರ್ ಅಂತನ ಬರದಿದ್ದ. ಪುಣೆದ ಬುಧವಾರ ಪೇಠ್ ತಪಕೀರ್ ಗಲ್ಲಿಗೆ ಹೋಗಿ ಅಂಗಡಿಯವನ ಮುಂದನ ಕೆರದು ನೋಡಿ 305 ಮೀಟರಿನ ಕ್ಯಾಟ್ 6 (ನೆಟ್‌ವರ್ಕ್ ಕೇಬಲ್) ಡಬ್ಬಿ ತಂದೆ, 9 ಸಾವಿರದ ಆಸುಪಾಸು ಇತ್ತು, ಮೊದಲಿಂದು ಅದರ ಅರ್ಧ ರೇಟು. ಹಳೇದಕ್ಕ ಹೊಸದು ಕಟ್ಟಿ ಎಳದ್ರ ಬೆಣ್ಣ್ಯಾಗಿನ ಕೂದಲು ತಗದಂಗ ಬಂತು. ಕಟ್ಟೂದರಾಗ ಒಂದು ಪದ್ಧತಿ ಐತಿ, ಮ್ಯಾಲ ಒಂದು ಹಚ್ಚೂದೈತಿ, ಅದನ್ನ ಇಲ್ಲಿ ಬರಿಯಂಗಿಲ್ಲ, ಮನಿಗೆ ಬಂದವರಿಗೆ ತೋರಸ್ತೀನಿ.

ನಡುವ ಒಂದು ಆಟ ಹೇಳ್ತೀನಿ. ಒಂದು ಪೈಪಿನಾಗ ಹಗ್ಗ ಬಿಡೂದ ಮರತಿದ್ರು. ಕ್ಯಾರಿಬ್ಯಾಗಿನ ಚೂರಿಗೆ ಹೊಲಿಗಿ ದಾರ ಕಟ್ಟಿ ಒಂದು ತುದಿಗೆ ಇಟ್ಟು, ಇನ್ನೊಂದು ತುದಿಗೆ ವ್ಯಾಕ್ಯೂಮ್ ಕ್ಲೀನರ್ ಹಚ್ಚಿದೆ, ದಾರ ಸುರ್ ಅಂತ ಬಂತು. ಆಮ್ಯಾಲ ದಾರಕ್ಕ ಹಗ್ಗ. ಮಗ ಅದನ್ನ ನೋಡಿ ಮನ್ಯಾಗಿನ ಎಲ್ಲಾ ಪೈಪಿಗೂ ಮಾಡೋಣು ಅಂತ ಹಟ ಹಿಡದಿದ್ದ. ಕರೆಂಟ್ ಲೈನಿನ ಮ್ಯಾಲ ಇಂಟರ್ನೆಟ್ ಕಳಿಸೂ ಪವರ್‌ಲೈನ್ ಅಡಾಪ್ಟರ್‌ನೂ ತಂದು ನೋಡೀನಿ, ಇನ್ವರ್ಟರ್ ಚಾಲು ಆದ್ರ ಸ್ಪೀಡ್ ಸತ್ತ ಹೋಗ್ತಿತ್ತು, ಈಗ ಅದು ಡ್ರಾವರಿನಾಗ ಐತಿ.

ಸ್ಮಾರ್ಟ್ ಸ್ವಿಚ್ ಹಾಕೂ ವಿಚಾರ ಇದ್ದವರು ಪ್ರತಿ ಬೋರ್ಡಿಗೆ ನ್ಯೂಟ್ರಲ್ (ಕರೆಂಟ್ ಹೊಳ್ಳಿ ಹೋಗೂ ವೈರ್) ತರಸ್ರಿ, ಡೀಪ್ ಬಾಕ್ಸ್ ಹಾಕ್ಸ್ರಿ. ನ್ಯೂಟ್ರಲ್ ಆ ಬೋರ್ಡಿನ ಸರ್ಕ್ಯೂಟಿಂದನ ಇರಬೇಕು. ನಮ್ಮ ವಾಯರಮನ್ ಒಂದು ಬೆಡ್‌ರೂಮಿಗೆ ಸಮೀಪ ಆಗ್ತೈತಿ ಅಂತ ಪಕ್ಕದ ರೂಮಿನ ನ್ಯೂಟ್ರಲ್ ಕಟ್ಟಿಬಿಟ್ಟಿದ್ದ, ಎರಡೂ ರೂಮಿಗೆ ಬೇರೆ ಬೇರೆ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರ ಲೈನ್ ಕಡಿಯೂ ಸ್ವಿಚ್), ಲೈಟ್ ಹಾಕಿದ ಕೂಡ್ಲೆ ಟ್ರಿಪ್. ಹೋದ ಕರೆಂಟ್ ಹೋದ ದಾರಿಲೇ ಹೊಳ್ಳಿ ಬರಲಿಲ್ಲಂದ್ರ ಆರ್‌ಸಿಸಿಬಿ ಅದನ್ನ ಲೀಕೇಜ್ ಅಂತನ ತಿಳ್ಕೊಂತೈತಿ. ಅಂವ "ಆರ್‌ಸಿಸಿಬಿ ಖರಾಬ್ ಐತಿ, ತಗದು ಬಿಡೂಣು" ಅಂದ. ತಗಸಾಕ ಬಿಡಬ್ಯಾಡ್ರಿ.

ಇವಿ ಲೈನಿಗೆ ಮೀಟರಿಂದ ಪಾರ್ಕಿಂಗ್ ತನಕ 32 ಎಂಎಂ ಪೈಪ್ ಮೊದಲ ಇತ್ತು. 7.4 ಕಿಲೋವ್ಯಾಟ್ ಚಾರ್ಜರ್ 32 ಆಂಪಿಯರ್ ತಾಸುಗಟ್ಲೆ ಎಳಿತೈತಿ, ಅದಕ್ಕ 10 ಸ್ಕ್ವೇರ್ ಎಂಎಂ ವೈರ್ ಹಾಕಿದೆ, ಆರ್‌ಸಿಸಿಬಿ ಅದಕ್ಕ ಬೇರೆನ, ಯಾವ ಟೈಪ್ ಅಂತ ಚಾರ್ಜರ್ ಕಂಪನಿಯವರನ್ನ ಕೇಳಿ ತರ್ರಿ. ಅರ್ಧ ದಿವಸದ ಕೆಲಸ, ವೈರ್ ಬಿಟ್ರ ಮಜೂರಿ ಸಾವಿರ ಚಿಲ್ಲರ. ನಮ್ಮ ಓಣಿಯೊಳಗ ಇನ್ನೊಬ್ಬರು ಪಾರ್ಕಿಂಗ್ ಟೈಲ್ಸ್ ಒಡಸಿ 30 ಸಾವಿರದ ಮ್ಯಾಲ ಕೊಟ್ರು, ಟೈಲ್ಸ್ ಶೇಡ್ ಹೊಂದಲಿಲ್ಲ ಅದು ಬ್ಯಾರೆ.

ಒಟ್ಟು ಜಾಸ್ತಿ ಖರ್ಚು ಪೈಪ್, ಬಾಕ್ಸ್, ಮಜೂರಿ, ಡಕ್ಟಿನ ಬಾಗಲಾ ಎಲ್ಲಾ ಹಿಡದು 60 ಸಾವಿರ ಆಗಿರಬೇಕು, ಚೀಟಿ ಕಳದಾವ. ಪ್ಲಾಸ್ಟರ್ ಮುಂಚೆ ಪ್ರತಿ ಗೋಡಿಗೆ ಟೇಪ್ ಹಿಡದು ಫೋಟೋ ತಗದಿಟ್ಟೀನಿ, ಡ್ರಿಲ್ ಹೊಡಿಯೂ ಮುಂಚೆ ಅದನ್ನ ನೋಡ್ತೀವಿ. ಟೆರೇಸಿಂದ ಕೆಳಗ ಸೋಲಾರ್ ಪೈಪ್ ಇನ್ನೂ ಖಾಲಿ ಐತಿ. ಪಿಎಂ ಸೂರ್ಯ ಘರ್ ಯೋಜನಾದಾಗ 3 ಕಿಲೋವ್ಯಾಟಿಗೆ 78,000 ಸಬ್ಸಿಡಿ ಐತಿ, ಮಳೆಗಾಲ ಮುಗದ ಮ್ಯಾಲ ಪ್ಯಾನೆಲ್ ಏರಿಸೂ ವಿಚಾರ ನಡದೈತಿ.