ನಾಳಿನ ಪರದೆಗೆ ಇಂದೇ ಫೋಟೊ ತೆಗೆದಿಡುವುದು ಹೇಗೆ?

ಕೋಣೆಯ ದೀಪ ಆರಿಸಿ, ಒಂದು ಮೇಣದಬತ್ತಿ ಹಚ್ಚಿ, ಫೋನಿನಲ್ಲಿ ಅದರ ಫೋಟೊ ತೆಗೆಯಿರಿ. ಕಣ್ಣಿಗೆ ಕಾಣುವ ಜ್ವಾಲೆಯಲ್ಲಿ ಬುಡಕ್ಕೆ ತೆಳು ನೀಲಿ, ಬತ್ತಿಯ ಸುತ್ತ ಮಬ್ಬು, ಅದರ ಮೇಲೆ ಹಳದಿ. ಫೋಟೊದಲ್ಲಿ? ಬಹುತೇಕ ಸಲ ಒಂದು ಬಿಳಿ ಮಚ್ಚೆ, ಅಷ್ಟೆ. ಕ್ಯಾಮೆರಾ ಸರಿಯಿಲ್ಲ ಎಂದು ಬೈಯುವ ಮುನ್ನ ಒಂದು ವಿಷಯ ಗಮನಿಸಿ. ಕ್ಯಾಮೆರಾದೊಳಗೆ ಬೆಳಕನ್ನು ಅಳೆಯುವ ಸೆನ್ಸರ್ ಕಂಡದ್ದನ್ನೆಲ್ಲ ಫೈಲ್ ಉಳಿಸಿಕೊಳ್ಳುವುದಿಲ್ಲ. ಫೈಲಿನಲ್ಲಿ ಉಳಿದದ್ದನ್ನೆಲ್ಲ ಪರದೆ ತೋರಿಸುವುದಿಲ್ಲ. ಪರದೆಗಳು ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿವೆ. ಆದರೆ ಫೈಲಿನಲ್ಲೇ ಇಲ್ಲದ್ದನ್ನು ಯಾವ ಹೊಸ ಪರದೆಯೂ ತೋರಿಸಲಾರದು. ಹಾಗಾಗಿ ತಯಾರಿ ಫೋಟೊ ತೆಗೆಯುವಾಗಲೇ ಆಗಬೇಕು.

ಹಂತ 1: ಅಂತರ ಎಷ್ಟೆಂದು ತಿಳಿಯಿರಿ

ಪರದೆಯ ಹೊಳಪನ್ನು ಅಳೆಯುವ ಮಾನಕ್ಕೆ ನಿಟ್ ಎನ್ನುತ್ತಾರೆ. ಒಂದು ಚದರ ಮೀಟರಿಗೆ ಒಂದು ಕ್ಯಾಂಡೆಲಾ ಎಂದರೆ ಒಂದು ನಿಟ್. ಕ್ಯಾಂಡೆಲಾ ಎಂದರೆ ಹೆಚ್ಚುಕಡಿಮೆ ನಾವು ಈಗ ಹಚ್ಚಿದ ಮೇಣದಬತ್ತಿಯ ಬೆಳಕೇ. ಇವತ್ತಿಗೂ ಹೆಚ್ಚಿನ ಫೋಟೊಗಳು ಅನುಸರಿಸುವ ಎಸ್‌ಆರ್‌ಜಿಬಿ ಎಂಬ ಬಣ್ಣದ ಮಾನದಂಡ 1996ರದ್ದು. ಆಗ ಮೇಜಿನ ಮೇಲಿದ್ದದ್ದು ಗಾಜಿನ ಟ್ಯೂಬಿನ ದಪ್ಪ ಮಾನಿಟರ್. ಅದಕ್ಕೆ ಹೊಂದುವಂತೆ ಪರದೆಯ ಹೊಳಪು 80 ನಿಟ್ ಎಂದು ಲೆಕ್ಕ ಹಾಕಿದ್ದರು. ಈಗಿನ ಒಳ್ಳೆಯ ಫೋನುಗಳು ಎಚ್‌ಡಿಆರ್ (ಕಡುಗತ್ತಲಿನಿಂದ ಪ್ರಖರ ಬೆಳಕಿನವರೆಗೆ ಹೆಚ್ಚು ಹರವು ಹಿಡಿದಿಡುವ) ಚಿತ್ರದ ಬೆಳಕಿನ ಭಾಗಗಳನ್ನು 1,000 ನಿಟ್‌ಗೂ ಮೇಲೆ ಬೆಳಗಿಸುತ್ತವೆ. ಎಚ್‌ಡಿಆರ್‌ಗೆಂದು 2014ರಲ್ಲಿ ಬಂದ ಅಳತೆಪಟ್ಟಿಯಂತೂ 10,000 ನಿಟ್‌ವರೆಗೆ ಜಾಗ ಬಿಟ್ಟುಕೊಂಡಿದೆ.

ಕತ್ತಲಿನಿಂದ ಬೆಳಕಿಗೆ ಏರುವ ಮೆಟ್ಟಿಲುಗಳ ಕಥೆಯೂ ಹೀಗೆಯೇ. 1992ರಲ್ಲಿ ಬಂದ ಜೆಪೆಗ್ ಎಂಬ ಫೋಟೊ ಫೈಲಿನ ಮಾದರಿ, ನಾವು ಬಳಸುವ ರೂಪದಲ್ಲಿ, 8 ಬಿಟ್‌ನದು. ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಮೆಟ್ಟಿಲು. ಒಳ್ಳೆಯ ಕ್ಯಾಮೆರಾದ ಸೆನ್ಸರ್‌ನಿಂದ 14 ಬಿಟ್ ಮಾಹಿತಿ ಬರುತ್ತದೆ, ಅಂದರೆ 16,384 ಮೆಟ್ಟಿಲು. ಸಂಜೆಯ ಆಕಾಶದ ಫೋಟೊವನ್ನು ಎಡಿಟ್ ಮಾಡುತ್ತ ಬೆಳಕನ್ನು ತುಸು ಎಳೆದರೆ ಸಾಕು, ನುಣ್ಣಗಿರಬೇಕಾದ ಬಣ್ಣ ಪಟ್ಟೆಪಟ್ಟೆಯಾಗಿ ಒಡೆಯುವುದನ್ನು ನೀವೂ ನೋಡಿರಬಹುದು. ಮೆಟ್ಟಿಲು ಸಾಲದೆ ಹೋದಾಗ ಆಗುವುದೇ ಅದು.

ಹಂತ 2: ‘ರಾ’ ಫೈಲ್ ಆನ್ ಮಾಡಿ

ಸೆನ್ಸರ್ ಅಳೆದದ್ದನ್ನು ಹಾಗೇ ಉಳಿಸಿಕೊಳ್ಳುವ ಫೈಲಿಗೆ ರಾ ಎನ್ನುತ್ತಾರೆ. ನನ್ನ ಮಟ್ಟಿಗೆ ಇಡೀ ಲೇಖನದಲ್ಲಿ ಇದೊಂದೇ ಹಂತ ಮಾಡಿದರೂ ಸಾಕು. ಕ್ಯಾಮೆರಾದ ಮೆನುವಿನಲ್ಲಿ ಇಮೇಜ್ ಕ್ವಾಲಿಟಿಗೆ ಹೋಗಿ ‘ರಾ + ಜೆಪೆಗ್’ ಆರಿಸಿ. ಫೋನಿನಲ್ಲಾದರೆ ಪ್ರೊ ಮೋಡ್‌ನಲ್ಲೋ ಕ್ಯಾಮೆರಾ ಸೆಟ್ಟಿಂಗ್ಸ್‌ನ ಫಾರ್ಮ್ಯಾಟ್ ವಿಭಾಗದಲ್ಲೋ ಹುಡುಕಿ. ಅಲ್ಲಿ ಡಿಎನ್‌ಜಿ ಎಂಬ ಹೆಸರಿದ್ದರೆ ಅದೂ ರಾ ಫೈಲೇ. ಅಡೋಬಿ ಕಂಪನಿ 2004ರಲ್ಲಿ ತಂದ ಮುಕ್ತ ಮಾದರಿ.

ರಾ ಏಕೆ ಎಂಬುದಕ್ಕೆ ಸೆನ್ಸರ್‌ನ ಒಳಗೆ ಇಣುಕಬೇಕು. ಸೆನ್ಸರ್‌ನ ಪಿಕ್ಸೆಲ್‌ಗೆ ಬಣ್ಣ ಗೊತ್ತಿಲ್ಲ, ಬೆಳಕಿನ ಪ್ರಮಾಣ ಮಾತ್ರ ಗೊತ್ತು. ಅದಕ್ಕೇ ಒಂದೊಂದರ ಮೇಲೂ ಒಂದೊಂದು ಬಣ್ಣದ ಶೋಧಕ (ಫಿಲ್ಟರ್) ಕೂರಿಸಿರುತ್ತಾರೆ: ಅರ್ಧದಷ್ಟಕ್ಕೆ ಹಸಿರು, ಕಾಲು ಭಾಗಕ್ಕೆ ಕೆಂಪು, ಉಳಿದ ಕಾಲು ಭಾಗಕ್ಕೆ ನೀಲಿ. ಕೊಡ್ಯಾಕ್‌ನ ಬ್ರೈಸ್ ಬೇಯರ್ ರೂಪಿಸಿದ ಈ ಜೋಡಣೆಗೆ ಪೇಟೆಂಟ್ ಸಿಕ್ಕಿದ್ದು 1976ರಲ್ಲಿ. ಬಹುಪಾಲು ಕ್ಯಾಮೆರಾಗಳಲ್ಲಿ ಇಂದಿಗೂ ಇದೇ ಇದೆ. ಅಂದರೆ ಪ್ರತಿ ಪಿಕ್ಸೆಲ್‌ನಲ್ಲಿ ಒಂದು ಬಣ್ಣ ಮಾತ್ರ ಅಳೆದದ್ದು, ಉಳಿದೆರಡು ಅಕ್ಕಪಕ್ಕ ನೋಡಿ ಊಹಿಸಿದ್ದು! ಜೆಪೆಗ್‌ನಲ್ಲಿ ಈ ಊಹೆಯನ್ನು ಕ್ಯಾಮೆರಾ ಆ ಕ್ಷಣವೇ ಮಾಡಿ ಮುಗಿಸಿ, ಮೂಲ ಅಳತೆಯನ್ನು ಎಸೆದುಬಿಡುತ್ತದೆ. ರಾ ಫೈಲಿನಲ್ಲಿ ಆ ಅಳತೆ ಉಳಿದಿರುತ್ತದೆ. ಊಹಿಸುವ ತಂತ್ರಾಂಶ ಸುಧಾರಿಸಿದಂತೆ ಹಳೆಯ ಫೋಟೊವನ್ನು ಮತ್ತೆ ಹೊಸದಾಗಿ ‘ತೊಳೆಯಬಹುದು’.

ಹತ್ತು ವರ್ಷ ಹಿಂದೆ ಮಂದ ಬೆಳಕಲ್ಲಿ ತೆಗೆದ ಕೆಲವು ರಾ ಫೈಲುಗಳನ್ನು ಈಚೆಗೆ ಹೊಸ ತಂತ್ರಾಂಶದಲ್ಲಿ ತೆರೆದಾಗ, ಮರಳು ಚೆಲ್ಲಿದಂತಿದ್ದ ಕಾಳುಕಾಳು ಹೋಗಿ ಬಟ್ಟೆಯ ನೇಯ್ಗೆ ಕಂಡಿತು. ಅದೇ ದಿನ, ಅದೇ ಕ್ಯಾಮೆರಾದಲ್ಲಿ, ಕಾರ್ಡಿನಲ್ಲಿ ಜಾಗ ಉಳಿಸುವ ಜಾಣತನದಿಂದ ಬರೀ ಜೆಪೆಗ್‌ನಲ್ಲಿ ತೆಗೆದವು ಹೇಗಿದ್ದವೋ ಹಾಗೇ ಇವೆ. ರಾ ಜಾಗ ತಿನ್ನುತ್ತದೆ, ನಿಜ. ಫೋನಿನ 12 ಮೆಗಾಪಿಕ್ಸೆಲ್ ಚಿತ್ರಕ್ಕೂ 25 ಎಂಬಿ ಬೇಕಾಗಬಹುದು. ಎಲ್ಲ ಫೋಟೊಗೂ ಬೇಡ. ಬಿಲ್ಲು, ರಸೀದಿಗಳ ಫೋಟೊಗೆ ರಾ ಏತಕ್ಕೆ? ಮುಂದೆಂದೋ ಮತ್ತೆ ನೋಡಬೇಕೆನಿಸುವಂಥವಕ್ಕೆ ಬಳಸಿ.

ಹಂತ 3: ಬೆಳಕನ್ನು ಸುಡಬೇಡಿ

ಸೆನ್ಸರ್‌ನ ಪಿಕ್ಸೆಲ್ಲನ್ನು ಮಳೆಯಲ್ಲಿಟ್ಟ ಬಕೆಟ್ ಎಂದುಕೊಳ್ಳಿ. ತುಂಬಿದ ಮೇಲೆ ಇನ್ನೆಷ್ಟು ಸುರಿಯಿತೆಂದು ಹೇಳುವ ಉಪಾಯವಿಲ್ಲ. ಜ್ವಾಲೆ ಬಿಳಿ ಮಚ್ಚೆಯಾದದ್ದು ಹೀಗೆ. ಕತ್ತಲಲ್ಲಿ ಹುದುಗಿದ ವಿವರವನ್ನು ಆಮೇಲೆ ಸ್ವಲ್ಪವಾದರೂ ಮೇಲೆತ್ತಬಹುದು, ಸುಟ್ಟ ಬೆಳಕು ಮರಳಿ ಬಾರದು.

ಮತ್ತೆ ಮೇಣದಬತ್ತಿಯ ಮುಂದೆ ಕುಳಿತುಕೊಳ್ಳಿ. ಪರದೆಯಲ್ಲಿ ಜ್ವಾಲೆಯ ಮೇಲೆ ಬೆರಳನ್ನು ಒತ್ತಿ ಹಿಡಿಯಿರಿ. ಫೋಕಸ್ ಮತ್ತು ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳುವ ಬೆಳಕಿನ ಪ್ರಮಾಣ) ಅಲ್ಲೇ ನಿಲ್ಲುತ್ತವೆ. ಪಕ್ಕದಲ್ಲಿ ಸೂರ್ಯನ ಗುರುತೋ ಗೆರೆಯೋ ಕಾಣಿಸಿದರೆ ಅದನ್ನು ಮೆಲ್ಲಗೆ ಕೆಳಗೆಳೆಯಿರಿ. ಮೊದಲು ಗೋಡೆ ಕತ್ತಲಾಗುತ್ತದೆ, ಆಮೇಲೆ ಬಿಳಿ ಮಚ್ಚೆಯ ಅಂಚಿಗೆ ಹಳದಿ ಬರುತ್ತದೆ. ಹಳದಿ ಸ್ಪಷ್ಟವಾದಲ್ಲಿಗೆ ನಿಲ್ಲಿಸಿ. ಇನ್ನೂ ಇಳಿಸಿದರೆ ಉಳಿದದ್ದೆಲ್ಲ ಮಸಿ. ಕ್ಯಾಮೆರಾ ಇರುವವರು ಹೈಲೈಟ್ ಎಚ್ಚರಿಕೆಯನ್ನು ಆನ್ ಮಾಡಿಕೊಂಡರೆ ಸುಟ್ಟ ಜಾಗ ಮಿಟುಕುತ್ತ ತಾನೇ ತೋರಿಸಿಕೊಡುತ್ತದೆ.

ಹಂತ 4: ಮೆಗಾಪಿಕ್ಸೆಲ್ ಚಿಂತೆ ಬಿಡಿ

4ಕೆ ಪರದೆಯಲ್ಲಿರುವುದು ಸುಮಾರು 83 ಲಕ್ಷ ಪಿಕ್ಸೆಲ್. 12 ಮೆಗಾಪಿಕ್ಸೆಲ್‌ನ ಫೋಟೊ ಅದನ್ನು ತುಂಬಿ ಮಿಗುತ್ತದೆ. 8ಕೆ ತುಂಬಲು 33 ಮೆಗಾಪಿಕ್ಸೆಲ್ ಬೇಕು, ಆದರೆ ಸೋಫಾದಲ್ಲಿ ಕೂತು ನೋಡುವವರಲ್ಲಿ ಎಷ್ಟು ಜನರ ಕಣ್ಣಿಗೆ ಆ ವ್ಯತ್ಯಾಸ ಗೊತ್ತಾದೀತು? ಪರದೆಗಳು ಮುಂದೆ ಬೆಳೆಯಲಿರುವುದು ಮುಖ್ಯವಾಗಿ ಹೊಳಪು, ಕಪ್ಪಿನ ಆಳ, ಬಣ್ಣ ಈ ಮೂರು ದಿಕ್ಕಿನಲ್ಲಿ. ಓಎಲ್‌ಇಡಿ ಎಂಬ ಬಗೆಯ ಪರದೆಯಲ್ಲಿ ಪ್ರತಿ ಪಿಕ್ಸೆಲ್ಲೂ ತಾನೇ ಬೆಳಗುತ್ತದೆ, ಆದ್ದರಿಂದ ಪೂರ್ತಿ ಆರಲೂಬಲ್ಲದು. ಕಪ್ಪು ನಿಜಕ್ಕೂ ಕಪ್ಪು. ಮೈಕ್ರೊ ಎಲ್‌ಇಡಿ ಇದನ್ನೇ ಇನ್ನೂ ಹೆಚ್ಚು ಹೊಳಪಿನಲ್ಲಿ ಮಾಡಲು ಹೊರಟಿದೆ. ಬಣ್ಣದ ಶುದ್ಧತೆ ಹೆಚ್ಚಿಸುವ, ಕ್ವಾಂಟಮ್ ಡಾಟ್ ಎಂಬ ಅತಿ ಸೂಕ್ಷ್ಮ ಕಣಗಳ ಶೋಧಕ್ಕೆ 2023ರ ರಸಾಯನಶಾಸ್ತ್ರ ನೊಬೆಲ್ ಸಂದಿದೆ.

ಹಂತ 5: ಎಚ್‌ಡಿಆರ್ ಫೋಟೊವನ್ನು ಜೋಪಾನ ಮಾಡಿ

ಈಗಿನ ಅನೇಕ ಫೋನುಗಳು ಒಂದು ಚಂದದ ಉಪಾಯ ಮಾಡುತ್ತವೆ. ಮಾಮೂಲಿ ಫೋಟೊದ ಫೈಲಿನೊಳಗೇ ಇನ್ನೊಂದು ಪುಟ್ಟ ಚಿತ್ರ ಅಡಗಿಸಿಡುತ್ತವೆ. ಯಾವ ಭಾಗ ಎಷ್ಟು ಪಟ್ಟು ಹೆಚ್ಚು ಬೆಳಗಬೇಕು ಎಂಬ ನಕ್ಷೆ ಅದು. ಗೇನ್ ಮ್ಯಾಪ್ ಎಂದು ಹೆಸರು. ಹಳೆಯ ಪರದೆ ನಕ್ಷೆಯನ್ನು ಕಡೆಗಣಿಸಿ ಮಾಮೂಲಿ ಫೋಟೊ ತೋರಿಸುತ್ತದೆ. ಹೊಸ ಪರದೆ ನಕ್ಷೆ ಓದಿ ಜ್ವಾಲೆಯನ್ನು ಉರಿಸುತ್ತದೆ. 2023ರ ಆಂಡ್ರಾಯ್ಡ್ 14ರಲ್ಲಿ ಇದು ‘ಅಲ್ಟ್ರಾ ಎಚ್‌ಡಿಆರ್’ ಎಂಬ ಹೆಸರಿನಲ್ಲಿ ಬಂತು.

ತೊಂದರೆಯೆಂದರೆ ಈ ನಕ್ಷೆ ಬಲು ಸುಲಭವಾಗಿ ಕಳೆದುಹೋಗುತ್ತದೆ. ಹಳೆಯ ಎಡಿಟಿಂಗ್ ಆ್ಯಪ್‌ನಲ್ಲಿ ತೆರೆದು ಸೇವ್ ಮಾಡಿದರೆ ಹೋಯಿತು. ಮೆಸೇಜಿಂಗ್ ಆ್ಯಪ್‌ನಲ್ಲಿ ಫೋಟೊ ಎಂದೇ ಕಳಿಸಿದರೆ ಅದು ಕುಗ್ಗಿಸುವ ಭರದಲ್ಲಿ ನಕ್ಷೆಯನ್ನೂ ಕಿತ್ತುಹಾಕಬಹುದು. ಆದ್ದರಿಂದ ಕಳಿಸುವಾಗ ‘ಡಾಕ್ಯುಮೆಂಟ್’ ಆಗಿ ಕಳಿಸಿ. ಬ್ಯಾಕಪ್ ಸೆಟ್ಟಿಂಗ್ಸ್‌ನಲ್ಲಿ ‘ಒರಿಜಿನಲ್ ಕ್ವಾಲಿಟಿ’ ಆರಿಸಿ. ಎಡಿಟ್ ಮಾಡುವುದಿದ್ದರೆ ಪ್ರತಿಯ ಮೇಲೆ ಮಾಡಿ, ಮೂಲವನ್ನು ಮುಟ್ಟಬೇಡಿ.

ಮೂಲ ಫೈಲಿಗೆ ಇನ್ನೊಂದು ಬೆಲೆಯೂ ಬರುತ್ತಿದೆ. ಕೃತಕ ಬುದ್ಧಿಮತ್ತೆ ಬರೆದ ಚಿತ್ರಗಳ ನಡುವೆ ಇದು ಕ್ಯಾಮೆರಾದಲ್ಲಿ ತೆಗೆದದ್ದೇ ಎಂದು ತೋರಿಸಬೇಕಾಗುತ್ತದೆ. 2023ರಲ್ಲಿ ಬಂದ ಲೈಕಾ ಎಂ11-ಪಿ ಎಂಬ ಕ್ಯಾಮೆರಾ, ಫೋಟೊ ತೆಗೆದ ಕೂಡಲೇ ಫೈಲಿಗೆ ಡಿಜಿಟಲ್ ಸಹಿ ಹಾಕುತ್ತದೆ. ಬೇರೆ ಕಂಪನಿಗಳೂ ಅದೇ ದಾರಿ ಹಿಡಿದಿವೆ.

ಹಂತ 6: ಪರೀಕ್ಷೆ ಮಾಡಿ ನೋಡಿ

ಎಚ್‌ಡಿಆರ್ ಆನ್ ಮಾಡಿ ತೆಗೆದ ಜ್ವಾಲೆಯ ಫೋಟೊವನ್ನು ಫೋನಿನ ಗ್ಯಾಲರಿಯಲ್ಲಿ ತೆರೆಯಿರಿ. ಮೊದಲ ಕ್ಷಣ ಚಿತ್ರ ಸಪ್ಪೆಯಾಗಿದ್ದು, ಅರೆಗಳಿಗೆಯಲ್ಲಿ ಜ್ವಾಲೆ ಮಾತ್ರ ಉಕ್ಕಿದಂತೆ ಬೆಳಗಿದರೆ ನಕ್ಷೆ ಕೆಲಸ ಮಾಡುತ್ತಿದೆ ಎಂದರ್ಥ. ಬೆಳಗಲಿಲ್ಲವೆಂದು ಗಾಬರಿಯಾಗಬೇಡಿ. ಬ್ಯಾಟರಿ ಉಳಿಸುವ ಮೋಡ್‌ನಲ್ಲಿ ಕೆಲವು ಫೋನುಗಳು ಹೆಚ್ಚುವರಿ ಹೊಳಪನ್ನು ಕೊಡುವುದಿಲ್ಲ. ಪರದೆಯ ಹೊಳಪು ಆಗಲೇ ತುದಿ ಮುಟ್ಟಿದ್ದರೆ ಜ್ವಾಲೆಗೆ ಮೇಲೇರಲು ಜಾಗವೂ ಇರುವುದಿಲ್ಲ. ಹೊಳಪನ್ನು ಅರ್ಧಕ್ಕಿಳಿಸಿ, ಫೋಟೊ ಮುಚ್ಚಿ, ಮತ್ತೊಮ್ಮೆ ತೆರೆಯಿರಿ.