ಟ್ರೈಕಿನ ಮುಂದಿನ ಚಕ್ರ ನೇರ ಮಾಡುವುದು

ಒರಗಿ ಕೂತು ತುಳಿಯುವ, ಮುಂದೆ ಎರಡು ಹಿಂದೆ ಒಂದು ಚಕ್ರ ಇರುವ ಸೈಕಲ್ಲಿಗೆ (ಟ್ರೈಕಿಗೆ) ಮುಂದಿನ ಟಯರು ಬೇಗ ಸವೆಯುತ್ತಿದೆಯಾ? ಬದಿಯಡ್ಕ–ಮುಳ್ಳೇರಿಯ ರಸ್ತೆಗೆ ಬೈಯುವ ಮೊದಲು ಟಯರಿನ ಮೇಲೆ ಅಂಗೈ ಅಡ್ಡಕ್ಕೆ ಎಳೆದು ನೋಡಿ. ಹೋಗುವಾಗ ನಯ, ಬರುವಾಗ ಗರಗಸದ ಹಾಗೆ ತರಿತರಿ ಇದ್ದರೆ ಚಕ್ರ ಓರೆ ನಿಂತಿದೆ ಅಂತಲೇ ಲೆಕ್ಕ.

ಮೊದಲು ಸಡಿಲ ನೋಡಿ. ಬ್ರೇಕ್ ಹಿಡಿದು ಅಲುಗಾಡಿಸುವಾಗ ಹೆಡ್‌ಸೆಟ್ಟೋ (ಚಕ್ರ ಅತ್ತಿತ್ತ ತಿರುಗುವ ಜಾಗದ ಬೇರಿಂಗು), ಟೈ ರಾಡಿನ (ಮುಂದಿನ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಸರಳು) ಜಾಯಿಂಟೋ ಟಕ್ ಅಂದರೆ ಅದನ್ನು ಸರಿಮಾಡಿ. ಇಲ್ಲದಿದ್ದರೆ ಅಳೆಯುವುದು ಸುಮ್ನೆ ದಂಡ. ಎರಡೂ ಟಯರಿಗೆ ಗಾಳಿ ಒಂದೇ ಇರಲಿ.

ಅಡಿಕೆ ಅಂಗಳಕ್ಕಿಂತ ಚಾವಡಿಯ ನೆಲ ವಾಸಿ, ಅಂಗಳಕ್ಕೆ ಮಳೆನೀರು ಹರಿಯುವ ಓರೆ ಇರುತ್ತದೆ. ಅಳೆಯುವಾಗ ಸೀಟಿನಲ್ಲಿ ಜನ ಕೂತಿರಲೇಬೇಕು ಮಾರಾಯ್ರೆ. ಭಾರ ಬಿದ್ದರೆ ಫ್ರೇಮ್ ಬಾಗಿ ಚಕ್ರದ ನಿಲುವು ಬದಲಾಗುತ್ತದೆ. ನಾನು ಕೂರುತ್ತೇನೆ, ತಂಗಿಯ ಮಗ ಟೇಪ್ ಹಿಡಿಯುತ್ತಾನೆ. ಅವನ ಸಂಬಳ ಗೋಳಿಬಜೆ.

ಹ್ಯಾಂಡಲ್ ನೇರ ಇಟ್ಟು, ಎರಡೂ ರಿಮ್ಮಿನ ಒಳ ಅಂಚಿಗೆ, ಅಚ್ಚಿನ ಎತ್ತರದಲ್ಲಿ, ಮುಂಬದಿಯಲ್ಲಿ ಚಾಕ್‌ಪೀಸ್ ಗುರುತು ಹಾಕಿ. ನಡುವಿನ ಅಂತರ ಬರೆದುಕೊಳ್ಳಿ. ಟ್ರೈಕನ್ನು ಚಕ್ರ ಅರ್ಧ ಸುತ್ತು ತಿರುಗುವಷ್ಟು ಮುಂದೆ ತಳ್ಳಿ. ಗುರುತು ಈಗ ಹಿಂಬದಿಗೆ ಬಂದಿರುತ್ತದೆ, ಮತ್ತೆ ಅಳೆಯಿರಿ. ಎರಡು ಸಲವೂ ಅದೇ ಗುರುತು, ಹಾಗಾಗಿ ರಿಮ್ ಸೊಟ್ಟ ಇದ್ದರೂ ಲೆಕ್ಕ ತಪ್ಪುವುದಿಲ್ಲ. ಫ್ರೇಮ್ ಅಡ್ಡ ಬಂದರೆ ಎರಡು ಸಲವೂ ಅಷ್ಟೇ ತಗ್ಗಿನಲ್ಲಿ ಅಳೆದರಾಯಿತು.

20 ಇಂಚಿನ ಚಕ್ರಕ್ಕೆ ಮುಂದಿನ ಅಂತರ ಹಿಂದಿನದಕ್ಕಿಂತ 1–2 ಮಿ.ಮೀ. ಕಡಿಮೆ ಇರಲಿ. ಮುಂದೆ ಜಾಸ್ತಿ ಇರುವುದು ಬೇಡವೇ ಬೇಡ, ಇಳಿಜಾರಿನಲ್ಲಿ ಹ್ಯಾಂಡಲ್ ಅತ್ತಿತ್ತ ಎಳೆಯುತ್ತದೆ.

ಲಾಕ್ ನಟ್ ಸಡಿಲಿಸಿ ಟೈ ರಾಡನ್ನು ಕಾಲು ಸುತ್ತು ಮಾತ್ರ ತಿರುಗಿಸಿ. ಒಂದು ತುದಿ ಲೆಫ್ಟ್ ಥ್ರೆಡ್ (ಉಲ್ಟಾ ಮರೆ) ಆಗಿರುವ 6 ಮಿ.ಮೀ. ರಾಡಿನಲ್ಲಿ ಪೂರ್ತಿ ಸುತ್ತಿಗೆ 2 ಮಿ.ಮೀ. ಉದ್ದ ಬದಲಾಗುತ್ತದೆ, ರಿಮ್ಮಿನಲ್ಲಿ ಇನ್ನೂ ಜಾಸ್ತಿ. ಎರಡು ರಾಡ್ ಇದ್ದರೆ ಎರಡನ್ನೂ ಸಮ ತಿರುಗಿಸಿ, ಇಲ್ಲವಾದರೆ ಹ್ಯಾಂಡಲ್ ಸೊಟ್ಟ. ಪ್ರತಿ ಸಲ ಟ್ರೈಕನ್ನು ಸ್ವಲ್ಪ ತಳ್ಳಿ, ಆಮೇಲೆ ಅಳೆಯಿರಿ.

ತಿರುವಿನಲ್ಲಿ ಮಾತ್ರ ಟಯರು ಕಿರುಗುಟ್ಟಿದರೆ ಅದು ಬೇರೆ ಕತೆ, ಆಕರ್‌ಮನ್ ಲೆಕ್ಕ. ಅಂದರೆ ತಿರುವಿನಲ್ಲಿ ಒಳಬದಿಯ ಚಕ್ರ ಹೊರಬದಿಯದಕ್ಕಿಂತ ಜಾಸ್ತಿ ತಿರುಗುವ ಏರ್ಪಾಡು. 1818ರಲ್ಲಿ ಆಕರ್‌ಮನ್ ಎಂಬವ ಇದನ್ನು ಪೇಟೆಂಟ್ ಮಾಡಿಸಿದ. ಉಪಾಯ ಮಾತ್ರ ಮ್ಯೂನಿಕ್ಕಿನ ಸಾರೋಟು ತಯಾರಕ ಲಾಂಕೆನ್‌ಸ್ಪರ್ಗರನದು, ಪಾಪ. ಚಕ್ರ ತಿರುಗುವ ಕಿಂಗ್‌ಪಿನ್ನಿನಿಂದ ಟೈ ರಾಡ್ ಜಾಯಿಂಟಿನ ನೇರಕ್ಕೆ ಎರಡೂ ಬದಿಯಿಂದ ದಾರ ಎಳೆಯಿರಿ. ಎರಡು ದಾರವೂ ಹಿಂದಿನ ಅಚ್ಚಿನ ನಡುವಿನ ಆಸುಪಾಸು ಸೇರಬೇಕು. ತುಂಬಾ ಆಚೆ ಸೇರಿದರೆ ಟೈ ರಾಡ್ ತಿರುಗಿಸಿ ಪ್ರಯೋಜನ ಇಲ್ಲ, ಕಿಂಗ್‌ಪಿನ್ನಿನಿಂದ ಟೈ ರಾಡಿಗೆ ಚಾಚಿದ ಸ್ಟಿಯರಿಂಗ್ ತೋಳನ್ನೇ ಬದಲಿಸಬೇಕು.